ಏಟಿಗೆ ಹಾರ್ಮೋನಿನ ನೆಪ

ಕಳೆದ ತಿಂಗಳು ನರಸಿಂಹರಾಜಪುರದ ಕಡೆ ಸಂಘವೊಂದರ ಸಭೆಗೆ ಹೋಗಿದ್ದೆ. ಗಂಡನ ಏಟಿನಿಂದ ಕೈ ಊದಿಸಿಕೊಂಡು ಬಂದಿದ್ದ ಸದಸ್ಯೆಯೇ ಅವನ ಪರ ವಹಿಸಿದಳು: "ಗಂಡಸರ ಸ್ವಭಾವ ಅಲ್ವಾ ಅಮ್ಮಾ, ರಕ್ತ ಬಿಸಿ."

ಹಿಂದೆ ಇದನ್ನು ಹಣೆಬರಹ ಎನ್ನುತ್ತಿದ್ದೆವು. ಈಗ ಓದಿದವರು ಹಾರ್ಮೋನು, ಬೇಟೆಗಾರ ಪೂರ್ವಜ ಎನ್ನುತ್ತಾರೆ. ಟೆಸ್ಟೊಸ್ಟೆರಾನ್ ಗಂಡಸರಲ್ಲಿ ಹೆಚ್ಚು, ನಿಜ. ಹೆಂಗಸರ ಮೈಯಲ್ಲೂ ಅದು ಇದೆ. ಆದರೆ ಗೆಳತಿಯರೇ, ಅದೇ ಗಂಡ ಸಾಲಕ್ಕೆಂದು ಸೊಸೈಟಿಗೆ ಹೋದಾಗ, ಕಾರ್ಯದರ್ಶಿ ಎಷ್ಟು ಅಲೆಸಿದರೂ ಕೈಕಟ್ಟಿ ನಿಲ್ಲುತ್ತಾನಲ್ಲ, ಆಗ ಹಾರ್ಮೋನು ಎಲ್ಲಿಗೆ ಹೋಗಿರುತ್ತದೆ? ಹೊಡೆದರೆ ಕೇಳುವವರಿದ್ದಾರೆಂದು ಗೊತ್ತಿರುವ ಕಡೆ ಅವನ ಕೈ ಏಳುವುದಿಲ್ಲ.

ಬೇಟೆಯ ಕತೆಯೂ ಅಷ್ಟು ಸರಳವಲ್ಲ. ದಕ್ಷಿಣ ಅಮೆರಿಕದ ಪೆರುವಿನಲ್ಲಿ ಸುಮಾರು 9000 ವರ್ಷಗಳ ಹಿಂದೆ ಬೇಟೆಯ ಆಯುಧಗಳೊಂದಿಗೆ ಹೂಳಲಾಗಿದ್ದ ವ್ಯಕ್ತಿ ಎಳೆಯ ಹೆಣ್ಣೆಂದು ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಅಷ್ಟು ದೂರವೇಕೆ? ನಮ್ಮ ಕೊಪ್ಪ, ಶೃಂಗೇರಿಯಲ್ಲೇ ನೋಡಿ. ಅಡಿಗೆ ಹೆಣ್ಣಿನ ಹುಟ್ಟುಗುಣವಂತೆ. ಸಂಭಾವನೆ ಸಿಗುವ ಮದುವೆಮನೆಯ ಅಡಿಗೆಗೆ ಮಾತ್ರ ಗಂಡಸರು! ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸನ್ನು ಅಬಲೆ ಎನ್ನುವ ಬಾಯಿಯೂ ಅದೇ.

ನಾನೂ ಸಾಚಾ ಅಲ್ಲ. ಪಾಠ ಹೇಳುತ್ತಿದ್ದ ಕಾಲದಲ್ಲಿ, ಅಳುತ್ತ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ "ಗಂಡಸರೇ ಹಾಗೆ, ಸಹಿಸಿಕೋ" ಎಂದು ಹೇಳಿ ಕಳಿಸಿದ್ದೆ. ಅವಳು ಮತ್ತೆ ನನ್ನಲ್ಲಿಗೆ ಬರಲಿಲ್ಲ.

ಈ ಸಲ ಹಾಗೆ ಹೇಳಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಮರುದಿನ ಸಂಘದ ಇಬ್ಬರು ಅವಳ ಜೊತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋದರು. ನಾನೂ ಹೋದೆ.