ಸೊಳ್ಳೆಗೂ ಒಂದು ಲೆಕ್ಕ

ಹೋದ ಭಾನುವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ಎಂಜಿನಿಯರಿಂಗ್, ಐದನೇ ಸೆಮ್. “ಅಣ್ಣಾ, ಈ ಡಿಫರೆನ್ಷಿಯಲ್ ಈಕ್ವೇಶನ್ ಪರೀಕ್ಷೆ ಬಿಟ್ರೆ ಬೇರೆ ಯಾವುದಕ್ಕಾದ್ರೂ ಬರುತ್ತಾ?”

ಬರುತ್ತೆ ಮಾರಾಯ್ತಿ, ಅಂದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡ. ಆಮೇಲೆ ಲೆಕ್ಕ ಹಾಕಿ ತೋರಿಸಿದ್ದೂ ಅವನೇ: ಮಲೇರಿಯಾ ನಿಲ್ಲೋಕೆ ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದ್ರೆ ಸಾಕು. 1927ರಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ತಮ್ಮ ಸಮೀಕರಣವನ್ನು 1905-06ರ ಮುಂಬೈ ಪ್ಲೇಗ್ ಸಾವುಗಳ ಜೊತೆ ಹೋಲಿಸಿ ನೋಡಿದ್ರು. ಜನರನ್ನ ಮೂರು ಗುಂಪು ಮಾಡೋದು: ರೋಗ ಬರಬಹುದಾದವರು, ಬಂದವರು, ಗುಣವಾಗಿಯೋ ಸತ್ತೋ ಲೆಕ್ಕದಿಂದ ಹೊರಬಿದ್ದವರು. ಒಬ್ಬ ರೋಗಿ ಸರಾಸರಿ ಇಬ್ಬರಿಗೆ ಅಂಟಿಸ್ತಾನೆ ಅಂದ್ರೆ, ಅರ್ಧ ಜನಕ್ಕೆ ಪ್ರತಿರೋಧ ಶಕ್ತಿ ಬಂದ ಮೇಲೆ ರೋಗ ಇಳಿಮುಖ. ಮೂವರಿಗಾದ್ರೆ ಮೂರರಲ್ಲಿ ಎರಡು ಪಾಲು ಜನಕ್ಕೆ ಬೇಕು. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಕೋಡ್, ಅಷ್ಟೇ.

“ಇದನ್ನ ಕಲಿಯೋಕೆ ಎಲ್ಲಿಗೆ ಹೋಗ್ಲಿ?”

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡ್ತವೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ, ಜೊತೆಗೆ ಸ್ಟೈಪೆಂಡ್. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥದ್ದೇ ಒಂದಿದೆ. ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿಗಳಲ್ಲಿ ಜೀವಶಾಸ್ತ್ರಕ್ಕೆ ಗಣಿತ ಬಳಸೋ ಲ್ಯಾಬ್‌ಗಳಿಗೆ ನೇರವಾಗಿ ಮೇಲ್ ಹಾಕಬಹುದು. ಆದ್ರೆ “ರೆಸ್ಪೆಕ್ಟೆಡ್ ಸರ್, ಇಂಟರ್ನ್‌ಶಿಪ್ ಬೇಕು” ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಬೇಡ. ಅವರ ಒಂದು ಪ್ರಬಂಧ ಓದು, ಅರ್ಥವಾಗದ ಒಂದು ಪ್ರಶ್ನೆ ಕೇಳು, ನಿನ್ನ ಕೋಡ್ ಕಳಿಸು. ಇನ್ನೊಂದು ಮಾತು: ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಗೇ ಕರೀತಾರೆ. ಶಿಫಾರಸು ಪತ್ರಕ್ಕೆ ಈಗಲೇ ಮೇಷ್ಟ್ರನ್ನ ಕೇಳು.

ಈ ಕೊನೇ ಮಾತು ಅನುಭವದ್ದು. ಹತ್ತು ವರ್ಷದ ಹಿಂದೆ ನಾನೂ ಅರ್ಜಿ ತುಂಬಿದ್ದೆ. ಪತ್ರ ಕೇಳೋಕೆ ಸಂಕೋಚ. ಸ್ಟಾಫ್ ರೂಮ್ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಕೊನೇ ದಿನಾಂಕ ದಾಟಿತು. ಕೆಲಸ ಸಿಕ್ತು, ಸಂಬಳ ಬರ್ತಿದೆ, ದೂರೇನಿಲ್ಲ. ಆದ್ರೆ ಕೊರೋನಾ ದಿನಗಳಲ್ಲಿ ಟಿವಿಯಲ್ಲಿ ಸೋಂಕಿನ ಗ್ರಾಫ್ ನೋಡುವಾಗೆಲ್ಲ ಆ ಬಾಗಿಲೇ ನೆನಪಾಗ್ತಿತ್ತು.

ನಿಮ್ಮ ಮನೆಯಲ್ಲೂ ಡಿಗ್ರಿ ಓದೋ ತಮ್ಮ, ತಂಗಿ ಇದ್ರೆ ಒಂದು ಮಾತು ಹೇಳಿ.

ಮಂಗಳವಾರ ಇವಳ ಮೆಸೇಜ್ ಬಂತು: “ಅಣ್ಣಾ, ಮೇಡಂ ಹತ್ರ ಕೇಳ್ದೆ. ಎರಡೇ ನಿಮಿಷ. ಹೂಂ ಅಂದ್ರು.”