ಯಾವ ರಾಜನ ಉತ್ಸವ?

ಈ ಸಲದ ರಾಜ್ಯೋತ್ಸವಕ್ಕೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಹೀಗೆ ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕಿಗೆ ಒಂದೊಂದು ಪೋಸ್ಟರ್ ಮಾಡೋಣ ಅಂತ ನಾವು ಹೊರಟೆವು. ಎಐ ಇದೆ, ಅರ್ಧ ಗಂಟೆ ಕೆಲಸ ಅಂದುಕೊಂಡೆವು. ಅರ್ಧ ಗಂಟೆಯಲ್ಲೇ ಮುಗೀತು ಕೂಡ. ಪ್ರಿಂಟ್ ತಂದು ಕ್ಯಾಂಟೀನ್ ಗೋಡೆಗೆ ಅಂಟಿಸಿದಾಗ ಚಹಾ ಕೊಡೋ ಅಣ್ಣ ಕೇಳಿದರು: "ಏನ್ರಿ, ಯಾವ ರಾಜನ ಉತ್ಸವ ಇಟ್ಟೀರಿ?"

ನೋಡಿದರೆ ‘ರಾಜ್ಯೋತ್ಸವ’ದ ಯ ಒತ್ತು ಮಾಯ. ‘ರಾಜೋತ್ಸವ’ ಆಗಿತ್ತು. ನಾವು ಆರು ಜನ ಅದನ್ನು ಫೋನಲ್ಲಿ ನೋಡಿ ಓಕೆ ಅಂದಿದ್ದೆವು. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಕನ್ನಡ ಓದ್ತೀವಿ ಅಂತ ಹೇಳಿಕೊಂಡರೂ ಅರ್ಧ ಅಂದಾಜಿನ ಮೇಲೇ ಓದೋದು. ಚಿತ್ರ ಬರೆಯೋ ಮಾಡೆಲ್ಲೂ ಅಷ್ಟೇ. ಅದಕ್ಕೆ ಅಕ್ಷರವೂ ಒಂದು ಚಿತ್ರ, ಹಾಗಾಗಿ ಅಂದಾಜಿನ ಮೇಲೆ ಬರೆಯುತ್ತೆ.

ಆಮೇಲೆ ಒಂದೊಂದೇ ತಪ್ಪು ಕಾಣತೊಡಗಿತು. ದಾಂಡೇಲಿಯ ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್ ಬೇಕು ಅಂದರೆ ಟೂಕಾನ್ ಬಂದಿತ್ತು. ಟೂಕಾನ್ ಇರೋದು ಅಮೆರಿಕ ಖಂಡಗಳ ಕಾಡಿನಲ್ಲಿ. ನಮ್ಮ ದೊಡ್ಡ ಮಂಗಟ್ಟೆಗೆ ಕೊಕ್ಕಿನ ಮೇಲೆ ಹಳದಿ ಶಿರಸ್ತ್ರಾಣ ಇರುತ್ತೆ, ಚಿತ್ರದಲ್ಲಿ ಅದೇ ಇರಲಿಲ್ಲ. ಮುಂಡಗೋಡದ ಟಿಬೆಟನ್ ಮಠದ ಹಿಂದೆ ಹಿಮದ ಬೆಟ್ಟ ನಿಂತಿತ್ತು. ಅಲ್ಲಿರೋದು ಭತ್ತ, ಗೋವಿನಜೋಳದ ಗದ್ದೆ. ಜೋಯಿಡಾದ ಗೆಡ್ಡೆ ಗೆಣಸಿನ ಬದಲು ಬುಟ್ಟಿ ತುಂಬ ಆಲೂಗಡ್ಡೆ!

ಪ್ರಾಂಪ್ಟ್ ಉದ್ದ ಮಾಡಿದ್ದರೆ ಇವೆಲ್ಲ ಸರಿಹೋಗುತ್ತಿತ್ತೇನೋ. ಆದರೆ ಆ ಪ್ರಾಂಪ್ಟ್ ಯಾರದೋ ವಾಟ್ಸಾಪ್‌ನಲ್ಲಿ ಹೂತುಹೋಗುತ್ತೆ. ಮುಂದಿನ ವರ್ಷ ಜೂನಿಯರ್ಸ್ ಮತ್ತೆ ಟೂಕಾನ್‌ನಿಂದ ಶುರು ಮಾಡ್ತಾರೆ. ಅದಕ್ಕೇ ನಮ್ಮ ಅಭಿಪ್ರಾಯ: ಕ್ಲಬ್ಬಿಗೆ ಬೇಕಿರೋದು ಪ್ರಾಂಪ್ಟ್ ಅಲ್ಲ, ಸ್ಕಿಲ್.

ಎಐ ಏಜೆಂಟ್‌ಗಳಿಗೆ ‘ಸ್ಕಿಲ್’ ಅನ್ನೋದನ್ನು ಆಂಥ್ರೊಪಿಕ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ತಂದಿತು. ಅದೇನು ದೊಡ್ಡ ವಿಷಯವಲ್ಲ, ಒಂದು ಫೋಲ್ಡರ್ ಅಷ್ಟೇ. ಒಳಗೆ ಒಂದು ಟೆಕ್ಸ್ಟ್ ಫೈಲ್. ಅದರ ತಲೆಯಲ್ಲಿ ಸ್ಕಿಲ್‌ನ ಹೆಸರು, ಯಾವಾಗ ಬಳಸಬೇಕು ಅನ್ನೋ ವಿವರಣೆ. ಕೆಳಗೆ ಸೂಚನೆಗಳು. ಬೇಕಿದ್ದರೆ ಜೊತೆಗೆ ಕೋಡ್, ಫಾಂಟ್, ಮಾದರಿ ಚಿತ್ರ. ಏಜೆಂಟ್ ಮೊದಲು ಹೆಸರು, ವಿವರಣೆ ಮಾತ್ರ ನೋಡಿಕೊಂಡಿರುತ್ತೆ. ಕೆಲಸ ಹೊಂದಿದಾಗ ಮಾತ್ರ ಪೂರ್ತಿ ತೆಗೆದು ಓದುತ್ತೆ.

ನಮ್ಮ ಸ್ಕಿಲ್‌ನ ಮೊದಲ ನಿಯಮ: ಮಾಡೆಲ್ ಅಕ್ಷರ ಬರೆಯಕೂಡದು. ಅದು ಅಕ್ಷರವಿಲ್ಲದ ಚಿತ್ರ ಕೊಡಲಿ. ಕನ್ನಡವನ್ನು ಅದರ ಮೇಲೆ ಪೈಥಾನ್ ಕೋಡ್ ಕೂರಿಸುತ್ತೆ, ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ. ಇಲ್ಲೂ ಒಂದು ಗುಂಡಿ ಇದೆ, ನಾವು ಬಿದ್ದೆವು. ಪಿಲ್ಲೋ ಲೈಬ್ರರಿಯ ಬೇಸಿಕ್ ಲೇಔಟ್‌ಗೆ ಒತ್ತಕ್ಷರ ಕೂಡಿಸೋಕೆ ಬರಲ್ಲ. ರಾಕ್ಮ್ ಲೇಔಟ್ ಇದ್ದರೆ ಮಾತ್ರ ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತೆ. ಈ ಒಂದು ಸಾಲು ಫೋಲ್ಡರ್‌ನಲ್ಲಿದ್ದರೆ ಜೂನಿಯರ್ಸ್‌ಗೆ ಒಂದು ರಾತ್ರಿ ಉಳಿಯುತ್ತೆ.

ನಿಜವಾದ ಜಗಳ ಆಗಿದ್ದು ಹಳಿಯಾಳದ ಪೋಸ್ಟರ್ ಮೇಲೆ. ಅದಕ್ಕೆ ಸಿದ್ದಿ ಹೆಂಗಸರ ಕೌದಿಯ ಬಾರ್ಡರ್ ಹಾಕಿದ್ದೆವು. ಅವರು ಅದನ್ನು ‘ಕವಂದ್’ ಅಂತಾರೆ. ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುತ್ತಾ ಬರ್ತಾರೆ. ನಾಲ್ಕು ಮೂಲೆಗೆ ಮಡಿಚಿದ ತ್ರಿಕೋನದ ಬಟ್ಟೆ ಇಡ್ತಾರೆ, ಅದಕ್ಕೆ ‘ಫೂಲ’ ಅಂದರೆ ಹೂವು ಅಂತ ಹೆಸರು. ಹೂವಿಲ್ಲದ ಕೌದಿ ಬೆತ್ತಲೆ, ಮುಗಿದಿಲ್ಲ ಅಂತ ಲೆಕ್ಕ. ಎಐ ಕೊಟ್ಟ ಬಾರ್ಡರ್ ಚೆನ್ನಾಗೇ ಇತ್ತು. ಮೂಲೆಯಲ್ಲಿ ಹೂವಿರಲಿಲ್ಲ.

"ಮೂಲೆಗೆ ಫೂಲ ಇಡು ಅಂತ ಒಂದು ಸಾಲು ಸೇರಿಸಿದರಾಯ್ತು" ಅಂದರು ನಮ್ಮಲ್ಲಿ ಅರ್ಧ ಜನ. ಉಳಿದವರು ತಡೆದರು. ಸ್ಕಿಲ್ ಅಂದರೆ ಮತ್ತೆ ಮತ್ತೆ ಬಳಸೋದು, ಹಂಚೋದು. ಇವತ್ತು ನಾವು ಸರಿಯಾಗಿ ಕಲಿಸಿದರೆ ನಾಳೆ ಯಾರು ಬೇಕಾದರೂ ಒಂದು ಕ್ಲಿಕ್ಕಿಗೆ ‘ಸಿದ್ದಿ ಕೌದಿ’ ತೆಗೀತಾರೆ. ದಿನಗಟ್ಟಲೆ ಕೂತು ಕೈಯಲ್ಲಿ ಹೊಲಿದವರ ಹೆಸರು ಎಲ್ಲೂ ಇರಲ್ಲ. ಡಿಸೈನ್‌ಗೆ ಯಾರ ಹಕ್ಕೂ ಇಲ್ಲ ಅಂತ ವಾದ ಬಂತು. ಕಾನೂನು ಹಾಗಿರಲಿ, ನಮ್ಮ ಗಿಟ್‌ಹಬ್ ಕೋಡನ್ನು ಹೆಸರು ಹಾಕದೆ ಯಾರಾದರೂ ಪ್ರಾಜೆಕ್ಟ್‌ಗೆ ಎತ್ತಿಕೊಂಡರೆ ನಮಗೆ ಸಿಟ್ಟು ಬರಲ್ವಾ?

ಕೊನೆಗೆ ಬರೆದ ನಿಯಮ ಇದು: ಕೌದಿಯನ್ನು ಸೃಷ್ಟಿಸಬೇಡ. ಹೊಲಿದವರನ್ನು ಕೇಳಿ ತೆಗೆದ ಫೋಟೋ ಇದೆಯಾ ಅಂತ ವಿಚಾರಿಸು. ಇದ್ದರೆ ಬಳಸು, ಕೆಳಗೆ ಅವರ ಹೆಸರು ಹಾಕು. ಇಲ್ಲದಿದ್ದರೆ ಬಾರ್ಡರ್ ಖಾಲಿ ಬಿಡು.

ಇದರಿಂದ ಕೆಲಸ ನಿಧಾನ ಆಗುತ್ತೆ. ಬಸ್ಸು ಹತ್ತಿ ಊರಿಗೆ ಹೋಗಿ ಕೇಳಬೇಕು. ಆದರೂ ನಮ್ಮ ಪಾಲಿಗೆ ಸ್ಕಿಲ್‌ನಲ್ಲಿ ಅತಿ ಮುಖ್ಯವಾದ ಸಾಲು ಇದೇ. ಏನು ಬರೀಬೇಕು ಅನ್ನೋದನ್ನು ಯಾವ ಟೂಲ್ ಬೇಕಾದರೂ ಹೇಳುತ್ತೆ. ಏನು ಬರೀಬಾರದು ಅಂತ ಹೇಳಬೇಕಾದವರು ಇಲ್ಲಿಯವರೇ, ಅಂದರೆ ನಾವೇ.

ಹಳಿಯಾಳದ ಹೊಸ ಪೋಸ್ಟರ್‌ನ ಬಾರ್ಡರ್ ಸದ್ಯಕ್ಕೆ ಖಾಲಿ ಇದೆ. ಸ್ಕಿಲ್‌ನ ಕೊನೇ ನಿಯಮವನ್ನು ಏಜೆಂಟ್ ಮಾಡಲ್ಲ, ಮನುಷ್ಯರೇ ಮಾಡಬೇಕು: ಪ್ರಿಂಟ್‌ಗೆ ಮುಂಚೆ ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಅಕ್ಷರ ಅಕ್ಷರ ಜೋರಾಗಿ ಓದಬೇಕು. ಈ ಸಲ ಕ್ಯಾಂಟೀನ್ ಅಣ್ಣನಿಗೇ ಕೊಟ್ಟೆವು. ಓದಿ ಹೇಳಿದರು: "ರಾಜ್ಯ ವಾಪಸ್ ಬಂತು ನೋಡ್ರಿ."

ಫೋಲ್ಡರ್ ಕ್ಲಬ್ಬಿನ ಹತ್ತಿರ ಇದೆ. ನಿಮ್ಮ ಊರಿನ ಚಿತ್ರ ಕೇಳಿದಾಗ ಎಐ ಏನು ತಪ್ಪು ಮಾಡುತ್ತೆ ಅಂತ ಒಂದು ಸಾಲು ನೀವೂ ಸೇರಿಸಿ.