ವರ್ಷದ ಗೂಬೆ

ಡಿಸೆಂಬರ್ ಮೂರನೇ ವಾರ ಬಂತೆಂದರೆ ನಮ್ಮ ಆಫೀಸಿನಲ್ಲಿ ಅರ್ಧ ಕೆಲಸ, ಅರ್ಧ ಗುಸುಗುಸು. ಈ ಸಲ ಯಾರಿಗೆ ಯಾವ ಪ್ರಶಸ್ತಿ ಅಂತ. ನಗಬೇಡಿ ಸ್ವಾಮೀ, ರಾಜ್ಯೋತ್ಸವ ಪ್ರಶಸ್ತಿಗೆ ನಡೆಯುವಂಥದೇ ಲಾಬಿ ಇಲ್ಲೂ ನಡೆಯುತ್ತದೆ. ಚಹಾ ಕುಡಿಸಿ ವೋಟು ಕೇಳುವವರಿದ್ದಾರೆ.

ನಮ್ಮದು ಲೋವರ್ ಪರೇಲಿನ ಹಳೆಯ ಮಿಲ್ ಕಂಪೌಂಡಿನೊಳಗಿನ ಒಂದು ಡಿಸೈನ್ ಏಜೆನ್ಸಿ. ಸೋಪಿನ ರ‍್ಯಾಪರ್, ಬಿಸ್ಕತ್ ಪ್ಯಾಕೆಟ್, ಯಾವುದೋ ಬ್ಯಾಂಕಿನ ಹೊಸ ಲೋಗೋ, ಇಂಥವು ನಮ್ಮ ಕಸುಬು. ಅದರಲ್ಲಿ ನನ್ನದು ಸ್ಟುಡಿಯೋ. ಅಂದರೆ ಹುಡುಗರು ಕಂಡ ಕನಸನ್ನು ಪ್ರೆಸ್ಸಿನವನು ಅಚ್ಚು ಹಾಕುವ ಹಾಗೆ ಮಾಡಿಕೊಡುವ ಜಾಗ. 1991ರಲ್ಲಿ ಕುಮಟೆಯಿಂದ ಬಂದು ಈ ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಬ್ರೋಮೈಡ್ ಕತ್ತರಿಸಿ, ರಬ್ಬರ್ ಸೊಲ್ಯೂಷನ್ ಹಚ್ಚಿ, ರಟ್ಟಿನ ಮೇಲೆ ಅಂಟಿಸೋದು. ಸಂಜೆ ಮನೆಗೆ ಹೋದರೆ ಬೆರಳಿಗೆ ಅನ್ನ ಅಂಟುತ್ತಿರಲಿಲ್ಲ, ಬೆರಳೇ ತಟ್ಟೆಗೆ ಅಂಟುತ್ತಿತ್ತು.

ನಮ್ಮ ಪ್ರಶಸ್ತಿಗಳ ವಿಶೇಷ ಏನಪ್ಪಾ ಅಂದರೆ ಟ್ರೋಫಿ ಕೊಂಡು ತರುವ ಹಾಗಿಲ್ಲ. ಸತ್ತುಹೋದ ಮೌಸಿಗೆ ಚಿನ್ನದ ಬಣ್ಣ ಹೊಡೆದು ಹಲಗೆಗೆ ಕೂರಿಸಿದ್ದು, ಖಾಲಿ ಟೋನರ್ ಡಬ್ಬಿಗೆ ಕಿವಿ ಅಂಟಿಸಿದ್ದು, ಇಂಥವು. ‘ಫೈನಲ್ ಫೈನಲ್’ ಪ್ರಶಸ್ತಿ ಅತಿ ಉದ್ದದ ಫೈಲ್ ಹೆಸರಿಟ್ಟವರಿಗೆ. ಒಂದು ವರ್ಷ ಗೆದ್ದ ಫೈಲಿನ ಹೆಸರು ‘ಲೇಬಲ್ ಫೈನಲ್, ಫೈನಲ್ 2, ಇದೇ ಫೈನಲ್, ಸಾರ್ ಹೇಳಿದ ಫೈನಲ್’. (ಅಚ್ಚಾಗಿದ್ದು ಅದರ ಹಿಂದಿನದು, ಆ ಮಾತು ಬೇರೆ.) ‘ಲೋಗೋ ದೊಡ್ಡದು ಮಾಡಿ’ ಪ್ರಶಸ್ತಿ ಕ್ಲೈಂಟ್ ಸರ್ವಿಸಿಂಗ್‌ನವರಿಗೆ ಮೀಸಲು, ಭೂತಗನ್ನಡಿಯೇ ಟ್ರೋಫಿ. ಇನ್ನೊಂದು ‘ಡಬ್ಬಾ ಚೋರ್’. ನನ್ನ ಹೆಂಡತಿ ಕಟ್ಟಿಕೊಟ್ಟ ಪತ್ರೊಡೆಯನ್ನು ಶ್ರಾವಣದಲ್ಲಿ ಎರಡು ಸಲ ಮಾಯ ಮಾಡಿದ ಪಂಜಾಬಿ ಹುಡುಗನೊಬ್ಬ ಅದನ್ನು ಸತತ ಮೂರು ವರ್ಷ ಹೊಡೆದಿದ್ದಾನೆ. ‘ಅಣ್ಣಾ, ಭಾಭಿಗೆ ಥ್ಯಾಂಕ್ಸ್ ಹೇಳಿ’ ಅಂತ ವೇದಿಕೆಯಿಂದಲೇ ಕೂಗಿದ, ಪುಣ್ಯಾತ್ಮ.

ಈ ಥರದ ತಮಾಷೆ ಬಿರುದು ಹೊಸದೇನಲ್ಲ. ಕೇಂಬ್ರಿಜ್ ಯೂನಿವರ್ಸಿಟಿಯಲ್ಲಿ ಗಣಿತದ ಪದವಿ ಪರೀಕ್ಷೆಯಲ್ಲಿ ಕಟ್ಟಕಡೆಯವನಾಗಿ ಪಾಸಾದವನಿಗೆ ಗೆಳೆಯರು ಮರದ ಚಮಚ ಕೊಡುತ್ತಿದ್ದರು. ಬರಬರುತ್ತಾ ಅದು ದೋಣಿಯ ಹುಟ್ಟಿನಷ್ಟು ಉದ್ದವಾಯಿತು, ಪದವಿ ಪಡೆಯುವ ಹೊತ್ತಿಗೆ ಸರಿಯಾಗಿ ಮೇಲಿನ ಗ್ಯಾಲರಿಯಿಂದ ಹಗ್ಗ ಕಟ್ಟಿ ಅವನ ಮುಂದೆ ಇಳಿಬಿಡುತ್ತಿದ್ದರು. 1909ಕ್ಕೆ ಕೊನೆಯ ಚಮಚ. ಆಮೇಲೆ ರ‍್ಯಾಂಕು ಬಿಟ್ಟು ಅಕಾರಾದಿಯಲ್ಲಿ ಹೆಸರು ಹಾಕತೊಡಗಿದರು, ಕಡೆಯವನು ಯಾರೆಂದೇ ತಿಳಿಯದ ಮೇಲೆ ಚಮಚ ಯಾರಿಗೆ ಕೊಡೋದು? ಕೊಡುತ್ತಿದ್ದವರು ಜೊತೆಗೆ ಓದಿದವರು ಅನ್ನೋದನ್ನು ನೆನಪಿಡಿ, ಮೇಷ್ಟ್ರಲ್ಲ. ಆ ಮಾತಿಗೆ ಮತ್ತೆ ಬರ್ತೇನೆ.

ನಮ್ಮವರೇನು ಕಮ್ಮಿ? ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಅಂತ ಬಿರುದಿತ್ತು. ಇದನ್ನು ನಮ್ಮ ಅಕೌಂಟ್ಸಿನವರಿಗೆ ವಿವರಿಸಿದೆ. ಬಿಲ್ಲಿನ ದುಡ್ಡು ನಾಳೆ, ನಾಳಿದ್ದು ಅನ್ನುವ ಕ್ಲೈಂಟುಗಳ ಬೆನ್ನು ಹತ್ತಿ ವಸೂಲಿ ಮಾಡುವ ಆಕೆಗೆ ಆ ವರ್ಷ ‘ಭಾಷೆಗೆ ತಪ್ಪುವ ಕ್ಲೈಂಟರ ಗಂಡ’ ಅಂತಲೇ ಕೊಟ್ಟೆವು. ‘ಗಂಡ’ ಅಂದರೆ ಏನು ಅಂತ ಗೊತ್ತಾದ ಮೇಲೆ ಇನ್ನೂ ಜೋರಾಗಿ ನಕ್ಕರು.

ನನಗೂ ಒಂದು ಬಂದಿದೆ, ‘ಒತ್ತಕ್ಷರ ಇನ್ಸ್‌ಪೆಕ್ಟರ್’. ಬೆಂಗಳೂರಿಗೆ ಹೋಗಬೇಕಿದ್ದ ಹೋರ್ಡಿಂಗ್‌ನ ಕನ್ನಡವನ್ನು ಯಾರೋ ಕಾಪಿ-ಪೇಸ್ಟ್ ಮಾಡಿದ್ದರು. ಆಗಿನ ಸಾಫ್ಟ್‌ವೇರುಗಳಿಗೆ ಭಾರತೀಯ ಲಿಪಿ ಸರಿಯಾಗಿ ಜೀರ್ಣವಾಗುತ್ತಿರಲಿಲ್ಲ. ಒತ್ತುಗಳೆಲ್ಲ ಬಿಡಿಬಿಡಿಯಾಗಿ, ಗುಣಿತ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಓದಲು ಬಾರದವರಿಗೆ ಅದೂ ಕನ್ನಡದ ಹಾಗೇ ಕಾಣುತ್ತದೆ ನೋಡಿ! ರಾತ್ರಿ ಹನ್ನೊಂದಕ್ಕೆ ಹಿಡಿದು ನಿಲ್ಲಿಸಿದೆ. ಟ್ರೋಫಿಯಾಗಿ ನನ್ನದೇ ಹಳೆಯ ಲೂಪ್, ಡ್ರಾಯರಿನಿಂದ ಕದ್ದು ಬಣ್ಣ ಹಚ್ಚಿ ವಾಪಸ್ ಕೊಟ್ಟರು. ಆ ದಿನ ನನಗೆ ನೆನಪಾದದ್ದು ಆರ್. ಕೆ. ಜೋಶಿಯವರು. ಈ ಮುಂಬಯಿಯ ಜಾಹೀರಾತು ಏಜೆನ್ಸಿಗಳಲ್ಲೇ ದುಡಿದು, ಆಮೇಲೆ ಪವಯಿ ಐಐಟಿಯಲ್ಲಿ ಪಾಠ ಹೇಳಿದ ಮರಾಠಿ ಮನುಷ್ಯ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ನಮ್ಮ ‘ತುಂಗಾ’ ಫಾಂಟಿನ ಹಿಂದೆ ಇದ್ದವರು ಅವರೇ. ನಮ್ಮಲ್ಲಿ ಎಷ್ಟೋ ಜನ ಮೊದಲ ಬ್ಲಾಗ್ ಓದಿದ್ದು ಅವರ ಕೈಬರಹದಲ್ಲಿ ಅನ್ನಬಹುದು. 2008ರಲ್ಲಿ ತೀರಿಕೊಂಡರು.

ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಇನ್ನೊಂದು ಪ್ರಶಸ್ತಿಯ ವಿಷಯಕ್ಕೆ. ‘ವರ್ಷದ ಗೂಬೆ’. ಅತಿ ಹೆಚ್ಚು ರಾತ್ರಿ ಆಫೀಸಿನಲ್ಲೇ ಉಳಿದವರಿಗೆ. ಇದೊಂದಕ್ಕೆ ಮಾತ್ರ ಕೊಂಡು ತಂದ ಟ್ರೋಫಿ, ಕಣ್ಣು ಮಿನುಗುವ ಪ್ಲಾಸ್ಟಿಕ್ ಗೂಬೆ. ಮತ್ತು ಇದೊಂದಕ್ಕೆ ಮಾತ್ರ ವೋಟಿಲ್ಲ. ಗೇಟಿನ ರಿಜಿಸ್ಟರ್ ನೋಡಿ ಮ್ಯಾನೇಜ್‌ಮೆಂಟೇ ಆರಿಸುತ್ತದೆ.

ಕಳೆದ ಸಲ ಅದು ವಸಯಿಯಿಂದ ಬರುವ ಒಬ್ಬಳು ಹುಡುಗಿಗೆ ಬಂತು. ಕೆಲಸಕ್ಕೆ ಸೇರಿ ಎರಡು ವರ್ಷ. ಚರ್ಚ್‌ಗೇಟಿನಿಂದ ಕೊನೆಯ ಬೊರಿವಲಿ ಲೋಕಲ್ ಹೊರಡುವುದು ರಾತ್ರಿ ಒಂದರ ಸುಮಾರಿಗೆ, ಅದು ವಸಯಿಯ ತನಕ ಹೋಗೋದೇ ಇಲ್ಲ. ಅಲ್ಲಿಗೆ ಹೋಗುವ ಕೊನೆಯ ಗಾಡಿ ತಪ್ಪಿದರೆ ಕಾನ್ಫರೆನ್ಸ್ ರೂಮಿನ ಸೋಫಾನೇ ಗತಿ. ಎಲ್ಲರೂ ಚಪ್ಪಾಳೆ ಹೊಡೆದೆವು, ನಾನೂ ಹೊಡೆದೆ. ಆಕೆ ಗೂಬೆ ಹಿಡಿದು ನಕ್ಕು ಫೋಟೋ ತೆಗೆಸಿಕೊಂಡಳು. ಮನೆಗೆ ಹೋಗಿ ಇದನ್ನು ಹೇಳಿದರೆ ಹೆಂಡತಿ ಪಾತ್ರೆ ತೊಳೆಯುತ್ತಲೇ, ‘ಅಲ್ರೀ, ಆ ಹುಡುಗೀನ ಮನೆಗೆ ಕಳಿಸದೆ ಇಟ್ಕೊಂಡೋರು ಯಾರು? ಅವರಿಗಲ್ವಾ ಗೂಬೆ ಕೊಡಬೇಕಾದ್ದು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ರಾತ್ರಿಗಳಲ್ಲಿ ‘ಇವತ್ತೇ ಫೈಲ್ ಬೇಕಮ್ಮಾ’ ಅಂದವನು ನಾನೇ ಇದ್ದೆ.

ಮಾರ್ಚಿನಲ್ಲಿ ಆಕೆ ಕೆಲಸ ಬಿಟ್ಟಳು. ಗೂಬೆಯನ್ನು ಒಯ್ಯಲಿಲ್ಲ.

ನಾವು ಕೂತಿರುವ ಜಾಗದಲ್ಲೇ ಒಂದು ಕಾಲಕ್ಕೆ ಮಗ್ಗಗಳಿದ್ದವು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ನಿಂತರಲ್ಲ, ಗಿರಣಗಾಂವ್ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಮಿಲ್ಲಿನ ಬದುಕು ಸುಖದ್ದಾಗಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಅಲ್ಲಿ ಭೋಂಗಾ ಇತ್ತು. ಪಾಳಿ ಮುಗಿಯಿತು ಅಂತ ಅದು ಊದಿದರೆ ಇಡೀ ಪರೇಲ್‌ಗೆ ಕೇಳಿಸುತ್ತಿತ್ತು. ನಮ್ಮ ಗಾಜಿನ ಆಫೀಸಿನಲ್ಲಿ ಬೀನ್ ಬ್ಯಾಗ್ ಇದೆ, ಕಾಫಿ ಮಷಿನ್ ಇದೆ, ಕೇರಂ ಬೋರ್ಡಿದೆ. ಭೋಂಗಾ ಇಲ್ಲ. ಅದರ ಜಾಗದಲ್ಲಿ ಮಿನುಗುವ ಕಣ್ಣಿನ ಗೂಬೆ ತಂದು ಕೂರಿಸಿದ್ದೇವೆ.

ಹಾಗಂತ ಈ ಪ್ರಶಸ್ತಿಗಳನ್ನೇ ನಿಲ್ಲಿಸಿ ಅನ್ನುವ ಸೊಟ್ಟ ಮೂತಿಯವನು ನಾನಲ್ಲ. ನಮ್ಮ ಉದ್ಯಮದಲ್ಲಿ ಪ್ರಶಸ್ತಿಗಾಗಿಯೇ ಜಾಹೀರಾತು ಮಾಡಿ, ಯಾವುದೋ ಮೂಲೆಯ ಪೇಪರಿನಲ್ಲಿ ಒಂದೇ ಸಲ ಹಾಕಿಸಿ, ಎಂಟ್ರಿ ಫೀ ಕಟ್ಟಿ ವಿದೇಶಕ್ಕೆ ಕಳಿಸುವುದುಂಟು. ‘ಸ್ಕ್ಯಾಮ್ ಆ್ಯಡ್’ ಅಂತಲೇ ಹೆಸರು. ಅದಕ್ಕಿಂತ ಚಿನ್ನದ ಮೌಸ್ ಸಾವಿರ ಪಾಲು ಪ್ರಾಮಾಣಿಕ. ಲೋನಿನ ಕಂತು, ಲೋಕಲ್ಲಿನ ನೂಕುನುಗ್ಗಲಿನ ನಡುವೆ ಒಂದು ಸಂಜೆ ಡಬ್ಬಾ ಕಳ್ಳನ ಹೆಸರು ಕೂಗಿ ನಗೋದು ಸಣ್ಣ ವಿಷಯವಲ್ಲ. ಚಹಾ ಕೊಡುವ ಕಾಕಾಗೆ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಏನೂ ಬಂದಿಲ್ಲ ಅನ್ನೋದು ಮಾತ್ರ ನನಗೆ ನಾಚಿಕೆಯ ವಿಷಯ. ಯಾರಿಗೆ ಸಕ್ಕರೆ ಇಲ್ಲ, ಯಾರಿಗೆ ಶುಂಠಿ ಬೇಕು ಅಂತ ಅವರಿಗಿಂತ ಚೆನ್ನಾಗಿ ಯಾವ ಎಚ್‌ಆರ್‌ಗೂ ತಿಳಿದಿಲ್ಲ.

ಈ ವರ್ಷ ಕಮಿಟಿಗೆ ನನ್ನನ್ನೂ ಹಾಕಿದ್ದಾರೆ. ಗೂಬೆಗೂ ವೋಟಿರಲಿ, ಉಳಿದವರಿಗೆ ಬೇಡ, ಉಳಿಸಿಕೊಂಡವರಿಗೆ ಕೊಡೋಣ ಅಂತ ಬರೆದುಕೊಟ್ಟೆ. ಮೊದಲ ನಾಮಿನೇಷನ್ ನನ್ನದೇ ಹೆಸರು. ಬಾಸ್ ನಕ್ಕರು, ‘ಅಣ್ಣಾ ಮಜಾಕ್ ಮಾಡ್ತಾರೆ’ ಅಂದರು. ಎರಡನೇ ಹೆಸರು ಓದಿದ ಮೇಲೆ ನಗು ಸ್ವಲ್ಪ ಕಮ್ಮಿಯಾಯಿತು.

ಶುಕ್ರವಾರ ಸಮಾರಂಭ. ಏಳು ಗಂಟೆಗೆ ಶುರು ಅಂತ ಮೇಲ್ ಬಂದಿದೆ. ಮುಗಿಯೋದು ಎಷ್ಟಕ್ಕೆ ಅಂತ ಡೊಂಬಿವಲಿಯ ಹುಡುಗಿಯೊಬ್ಬಳು ಕೇಳಿದಳು. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.